ಕುರಿ ಛಾಪಿನ ಪ್ಲೇಟು

ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ದನಿಗಳಿದ್ದವು. ಒಂದು ಅವರದು, ಇನ್ನೊಂದು ನನ್ನ ಬಾಯಲ್ಲಿರುವುದು. ಅಪ್ಪ ಬೆಲ್ಲದ ಅಡತಿ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲು ಒಂದು ಕೆಮ್ಮು ಕೆಮ್ಮುತ್ತಿದ್ದ. ಆ ಕೆಮ್ಮು ನನಗೆ ಎಷ್ಟು ಚೆನ್ನಾಗಿ ಒಲಿದಿತ್ತೆಂದರೆ, ಅಪ್ಪ ಇನ್ನೂ ಪೇಟೆಯಲ್ಲಿರುವಾಗಲೇ ಅವ್ವ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟುಬಿಡುತ್ತಿದ್ದಳು. ಬಿಸಿ ರೊಟ್ಟಿ ನನಗೆ ಸಿಗುತ್ತಿತ್ತು, ಬೈಗುಳ ಆಮೇಲೆ ಸಿಗುತ್ತಿತ್ತು. ನನ್ನ ಸ್ವಂತದ ದನಿ ಹೇಗಿತ್ತೆಂದು ಕೇಳಬೇಡಿ. ಹದಗೆಟ್ಟ ಸೈಕಲ್ ಗಂಟೆಯಂತಿತ್ತು. ಅದಕ್ಕೇ ಮಂದಿಯ ದನಿಗಳನ್ನು ಎರವಲು ತಂದು ಸಂಸಾರ ನಡೆಸುತ್ತಿದ್ದೆ. ಆಗ ನನಗೆ ಇಪ್ಪತ್ತು. ನಮ್ಮೂರು ಕೊಲ್ಹಾಪುರದ ಕಾಲೇಜಿನವರು ನನ್ನನ್ನು ಬಿಟ್ಟಿದ್ದರು. ನಾನು ಕಾಲೇಜು ಬಿಟ್ಟೆ ಎಂದು ಅವ್ವ ಬೀಗರ ಮುಂದೆ ಹೇಳುತ್ತಿದ್ದಳು.

ಈ ಮನೆಯಲ್ಲಿ ನನಗಿಂತ ಕೆಲಸಕ್ಕೆ ಬಾರದವನು ಇನ್ನೊಬ್ಬನಿದ್ದಾನೆ ಎಂಬುದೇ ನನಗೆ ದೊಡ್ಡ ಸಮಾಧಾನ. ಅವನು ಕಾಕಾ, ಅಪ್ಪನ ತಮ್ಮ. ಊರಿನ ಒಂದು ಸಿನೆಮಾ ಸ್ಟುಡಿಯೋದಲ್ಲಿ ದನಿ ಹಿಡಿಯುವ ಕೆಲಸ ಮಾಡುತ್ತಿದ್ದ. ಚಿತ್ರ ತೆಗೆಯುವುದು ಕಡಿಮೆಯಾಗಿ, ಸ್ಟುಡಿಯೋದ ಅಂಗಳದಲ್ಲಿ ಕೋಳಿಗಳೇ ನಾಯಕ ನಾಯಕಿಯರಾಗಿ ಓಡಾಡತೊಡಗಿದಾಗ, ಬಾಕಿ ಸಂಬಳದ ಬದಲು ಅಲ್ಲಿಯ ಹಳೆಯ ಟೇಪ್ ರೆಕಾರ್ಡರನ್ನೂ ಒಂದಿಷ್ಟು ತುಂಡು ಟೇಪುಗಳನ್ನೂ ಟಾಂಗಾದಲ್ಲಿ ಹಾಕಿಕೊಂಡು ಮನೆಗೆ ಬಂದ. ಬಂದವನು ನೇರ ಅಪ್ಪನ ಮುಂದೆ ನಿಂತ.

"ಅಣ್ಣಾ, ನಂದ ಒಂದು ಕಂಪನಿ ತಗೀತೇನಿ. ಹಾಡಿನ ಪ್ಲೇಟ್ ಮಾಡೂ ಕಂಪನಿ."

"ಹಾಡು ಕೇಳಾಕ ಯಾರು ರೊಕ್ಕ ಕೊಡತಾರೋ ತಮ್ಮಾ?"

"ಎಲ್ಲಾರೂ ಕೊಡತಾರ. ಲಗ್ನಕ್ಕ ಲೌಡ್‌ಸ್ಪೀಕರ್ ಬಂತು, ಹೊಟೇಲಿಗೆ ಬಂತು. ಹಚ್ಚೂದು ಮಾತ್ರ ಮುಂಬೈ ಹಾಡ. ನಮ್ಮ ಮಂದಿ ಹಾಡ ಇನ್ನೂ ಯಾರೂ ಪ್ಲೇಟ್ ಮಾಡಿಲ್ಲ."

ಅದು ದೀಪಾವಳಿಯ ಪಾಡ್ಯದ ದಿನ. ಹೊಸ ಬೆಲ್ಲದ ಮೊದಲ ಸವಾಲು, ಅಂದರೆ ಹರಾಜು, ಮುಗಿಸಿ ಬಂದಿದ್ದ ಅಪ್ಪನ ಮನಸ್ಸು ಖುಷಿಯಲ್ಲಿತ್ತು. ಇಲ್ಲದಿದ್ದರೆ ಅಲ್ಲಿಗೇ ಮಾತು ಮುಗಿಯುತ್ತಿತ್ತು.

"ಒಂದು ವರ್ಷ ಕೊಟ್ಟೇನಿ," ಎಂದ. "ಬರೂ ಪಾಡ್ಯಾದೊಳಗ, ನಾ ನನ್ನ ಪಾಡಿಗೆ ದಾರಿ ಹಿಡದು ಹೊಂಟಾಗ, ನಿನ್ನ ಪ್ಲೇಟ್ ತಾನ ಬಂದು ನನ್ನ ಕಿವಿಗೆ ಬೀಳಬೇಕು. ನೀ ಹಚ್ಚಿದ್ದು ನಡಿಯಾಂಗಿಲ್ಲ. ನಿನ್ನ ದೋಸ್ತರು ಹಚ್ಚಿದ್ದೂ ನಡಿಯಾಂಗಿಲ್ಲ. ಬಿತ್ತು, ಕಂಪನಿ ನಿಂದು. ಬೀಳಲಿಲ್ಲ, ಸುಮ್ಮನ ಬಂದು ಗಾದಿ ಮ್ಯಾಲ ಕೂಡಬೇಕು."

ಗಾದಿ ಎಂದರೆ ಅಂಗಡಿಯ ಬಿಳಿ ಹಾಸಿಗೆ. ಉಳಿದವರಿಗೆ ಅದು ಮರ್ಯಾದೆ, ಕಾಕಾನಿಗೆ ಮಾತ್ರ ಸೆರೆಮನೆ. ಒಮ್ಮೆ ಅಪ್ಪನಿಗೆ ಜ್ವರ ಬಂದಾಗ ಕಾಕಾ ಅಲ್ಲಿ ಕುಳಿತಿದ್ದ. ಸವಾಲು ಕೂಗುವವನ ದನಿ ಎಷ್ಟು ಚೆನ್ನಾಗಿ ಮೇಲಕ್ಕೆ ಏರುತ್ತದೆಂದು ಕೇಳುತ್ತ ಕಣ್ಣು ಮುಚ್ಚಿದ. ಕಣ್ಣು ತೆರೆಯುವಷ್ಟರಲ್ಲಿ ನಮ್ಮ ಬೆಲ್ಲವೆಲ್ಲ ಮಣ್ಣಿನ ಬೆಲೆಗೆ ಮಾರಿ ಹೋಗಿತ್ತು. ಮನೆಗೆ ಬಂದು, "ಅಣ್ಣಾ, ಏನ್ ಕಂಠರೀ ಅದು!" ಎಂದ. ಅಪ್ಪನ ಜ್ವರ ಇನ್ನೂ ಏರಿತು.

ಕಂಪನಿಯ ಮೊದಲ ಕೆಲಸವೆಂದು ಕಾಕಾ ಪ್ಲೇಟಿನ ನಡುವೆ ಅಂಟಿಸುವ ಗುಂಡು ಚೀಟಿಗಳನ್ನು ಛಾಪಿಸಿದ. ಹಾಡಿಲ್ಲ, ಹಾಡುವವರಿಲ್ಲ, ಚೀಟಿ ಮಾತ್ರ ಗಂಟುಗಟ್ಟಲೆ ಬಂತು. ನಾವು ಶಿವಭಕ್ತರು, ಅದರ ಮೇಲೆ ಬಸವಣ್ಣ ಕುಳಿತಿರಬೇಕೆಂದು ಕಾಕಾನ ಆಸೆ. ಛಾಪಖಾನೆಯವನು ಅಚ್ಚು ಕೊರೆಯಿಸಿ ತಂದ. ಕೊಂಬು ಸಣ್ಣದಾಗಿತ್ತು, ಡುಬ್ಬ ಉಣ್ಣೆಯಾಗಿತ್ತು.

ಅವ್ವ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, "ಮೈದುನಾ, ಕುರಿ ಛಂದ ಬಂದೈತಿ," ಎಂದಳು.

"ಬಸವಣ್ಣ ವೈನೀ ಅದು!"

"ಹೌದೇನು? ನಾಳೆ ಯಾರರೇ ಮೇಯಿಸಾಕ ಹೊಡಕೊಂಡು ಹೋದಾರು, ಒಳಗ ಇಡು."

ಹಾಡು ಹಿಡಿಯಲು ಜಾಗ ಹುಡುಕುವುದು ಸುರುವಾಯಿತು. ನಮ್ಮ ಮನೆಯ ಓಣಿಯಲ್ಲಿ ಟಾಂಗಾಗಳದೇ ಗದ್ದಲ. ಕಾಕಾನ ಹೆಂಡತಿಯ ತವರು ಇಚಲಕರಂಜಿ. ಅಲ್ಲಿ ಬೀಗರ ನೂಲಿನ ಗೋದಾಮು ಇತ್ತು. ನೂಲಿನ ಗಂಟುಗಳ ನಡುವೆ ದನಿ ಬೆಣ್ಣೆಯಂತೆ ಕೂಡುತ್ತದೆಂದು ಕಾಕಾ ಕುಣಿದ. ಯಂತ್ರ ಹೊತ್ತುಕೊಂಡು ಹೋದೆವು. ಗೋಡೆಯಾಚೆ ಮಗ್ಗಗಳು ಖಟಕ್ ಖಟಕ್ ಎಂದು ಊರಿಗೆ ಊರನ್ನೇ ನೇಯುತ್ತಿದ್ದವು. ಬೀಗರು ನಕ್ಕು, ಮಗ್ಗಗಳು ಬಂದಾಗುವ ರಜೆಯ ದಿನ ಬನ್ನಿ ಎಂದರು. ಆ ದಿನ ಹೋದೆವು. ಊರು ಗಪ್‌ಚಿಪ್ ಆಗಿತ್ತು, ಇರುವೆ ನಡೆದರೂ ಕೇಳುವಂತಿತ್ತು. ಕಾಕಾ ಕೈ ಮುಗಿದು ಗುಂಡಿ ಒತ್ತಿದ. ಯಂತ್ರ ಮಿಸುಕಲಿಲ್ಲ. ಮಗ್ಗಗಳು ಬಂದಾಗಿದ್ದದ್ದು ಕರೆಂಟು ಇಲ್ಲದ್ದಕ್ಕೆ! ಕರೆಂಟು ಇದ್ದರೆ ಮಗ್ಗ, ಮಗ್ಗ ಇಲ್ಲದಿದ್ದರೆ ಕರೆಂಟಿಲ್ಲ. ದಾರಿಯುದ್ದಕ್ಕೂ ನಾನು ಮಗ್ಗದ ದನಿಯಲ್ಲಿ ಕಾಕಾನ ಕಂಪನಿಯ ಹೆಸರು ಕೂಗುತ್ತ ಬಂದೆ. ಬಸ್ಸಿನಲ್ಲಿದ್ದವರು ನಕ್ಕರು, ಕಾಕಾ ನಗಲಿಲ್ಲ. ನಡುದಾರಿಯ ಹಾತಕಣಂಗಲೆ ದಾಟಿದ ಮೇಲೆ ನಕ್ಕ.

ಕೊನೆಗೆ ಕೈ ಹಿಡಿದವನು ಗಡಹಿಂಗ್ಲಜದಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಮೈಕಿನವ, ಕಾಕಾನ ಹಳೆಯ ದೋಸ್ತ. ಊರ ಹೊರಗೆ ಅವನಿಗೊಂದು ಹೊಲ, ಅದರ ದಂಡೆಗೆ ಕರೆಂಟಿದ್ದ ಗೋದಾಮು. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಅವನ ಹೊಲದಲ್ಲಿ ಕುರಿ ಕೂಡಿಸಿದ್ದರು. ಆ ಹಿಂಡಿನ ಯಜಮಾನ ಅಜ್ಜ ಡೊಳ್ಳಿನ ಮೇಲೆ ಕುರುಬರ ದೇವರು ಬೀರಪ್ಪನ ಕತೆ ಹಾಡುವುದರಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿದ್ದವನು. ಮೈಕಿನವ ನಮ್ಮನ್ನು ಅಜ್ಜನ ಮುಂದೆ ಕೂಡಿಸಿದ. ಯಂತ್ರದ ಹೆಸರು ಕೇಳಿ ಅಜ್ಜ ಮುಖ ತಿರುವಿದ. ಬೇರೇನೂ ತೋಚದೆ ಕಾಕಾ ಕಿಸೆಯಿಂದ ಗುಂಡು ಚೀಟಿ ತೆಗೆದು ಕೊಟ್ಟ. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದ. ಮುಖ ಅರಳಿತು.

"ನಮ್ಮ ಕುರಿ ಹಾಕೀರಲ್ರಿ ಸಾವಕಾರ! ಕಿವಿ ಅಷ್ಟ ಸಣ್ಣ ಆಗ್ಯಾವು. ಆಗಲಿ, ಹಾಡತೇನಿ."

ಕಾಕಾ ನನ್ನ ಕಡೆ ನೋಡಿದ. ಬಸವಣ್ಣ ಎಂಬ ಮಾತು ಬಾಯಿಂದ ಬಂದೀತೆಂದು ನಾನು ಅವನ ಕಾಲು ತುಳಿದೆ. ಅಂದಿನಿಂದ ನಮ್ಮದು ಕುರಿ ಛಾಪು.

"ಎಷ್ಟ ಹೊತ್ತು ಹಾಡಬೇಕು?" ಎಂದ ಅಜ್ಜ.

"ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ, ಅಜ್ಜಾರ."

"ಅಂದ್ರ?"

"ಒಂದು ಬೀಡಿ ಸೇದೂ ಹೊತ್ತು."

"ನನ್ನ ಬೀಡಿ ಭಾಳ ಹೊತ್ತು ಉರೀತೈತಿ, ಸಾವಕಾರ."

ಈ ಮಾತನ್ನು ನಾವು ಚೇಷ್ಟೆ ಎಂದುಕೊಂಡೆವು. ಅದು ಎಚ್ಚರಿಕೆಯಾಗಿತ್ತು.

ಗೋದಾಮಿನಲ್ಲಿ ಒಣ ಮೆಣಸಿನಕಾಯಿಯ ಚೀಲಗಳಿದ್ದವು. ದನಿಗೆ ಒಳ್ಳೆಯ ಗೋಡೆ, ಮೂಗಿಗೆ ಮಾತ್ರ ಗಂಡಾಂತರ. ಅಜ್ಜ ಮೈಕಿನ ಮುಂದೆ, ಅವನ ಇಬ್ಬರು ಮಕ್ಕಳು ಡೊಳ್ಳು ತಾಳ ಹಿಡಿದು ಹಿಂದೆ. ತುಂಡು ಟೇಪು ಅಂಟಿಸಿ ಅಂಟಿಸಿ ಎರಡು ಬದಿಗೆ ಸಾಕಾಗುವಷ್ಟು ಮಾಡಿದ್ದ ಕಾಕಾ ಕಿವಿಗೆ ಹೆಡ್‌ಫೋನು ಹಚ್ಚಿಕೊಂಡು ಕೈ ಬೀಸಿದ. ಅಜ್ಜ ಸುರು ಮಾಡಿದ. ಅಬ್ಬಾ ಆ ದನಿ! ಮಳೆಗಾಲದ ಹಳ್ಳ ಕಲ್ಲು ಉರುಳಿಸಿಕೊಂಡು ಬಂದಂತೆ ಬಂತು. ಮಂದಿಯ ದನಿ ಕದಿಯುವ ನನಗೇ, ಇದು ನನ್ನ ಕೈಚೀಲದಲ್ಲಿ ಹಿಡಿಯುವಂಥದಲ್ಲ ಅನಿಸಿತು.

ಅಜ್ಜ ಮೊದಲು ಗಣಪನನ್ನು ಕರೆದ. ಸರಸ್ವತಿಯನ್ನು ಕರೆದ. ಆಮೇಲೆ ತನ್ನ ಬೀರಪ್ಪನನ್ನು, ಮಾಳವ್ವನನ್ನು. ಆಮೇಲೆ ಹಿಂಡು ಹೊಡೆದುಕೊಂಡು ಬಂದ ದಾರಿಯ ಊರು ಊರಿನ ದೇವರುಗಳನ್ನು, ಲಕ್ಕವ್ವ, ಮರಗವ್ವ, ಹನುಮಪ್ಪ, ಯಾರನ್ನೂ ಬಿಡದೆ, ಊರಿನ ಹೆಸರು ಹಿಡಿದು ಕರೆದ. ನಡುವೆ ಬಂದ ದರ್ಗಾದ ಪೀರನಿಗೂ ಒಂದು ಸಲಾಮು ಬಿತ್ತು. ಕಾಕಾ ಬೆರಳು ಸುತ್ತಿಸಿ ಸನ್ನೆ ಮಾಡಿದ. ಅಜ್ಜ ಕಣ್ಣು ಮುಚ್ಚಿದ್ದ. ಕೂಡಿದ ದೈವಕ್ಕೆ ಶರಣೆಂದು ಹೇಳಿ, ಕತೆಯ ಮೊದಲ ಸೊಲ್ಲಿಗೆ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಒಂದು ಬದಿ ಮುಗಿದೇ ಹೋಯಿತು.

ಕಾಕಾ ಬೆವರು ಒರೆಸಿಕೊಂಡ. ಎರಡನೆಯ ಬದಿಯ ಟೇಪು ಬಿಡುತ್ತ, ಅವಸರದಲ್ಲಿ, "ಅಜ್ಜಾರ, ಹೊತ್ತ ಇಲ್ರಿ, ಇದರಾಗ ಜಲ್ದಿ ಮುಗಸ್ರಿ," ಎಂದ.

ಅಜ್ಜ ಹೇಳಿದ ಮಾತು ಕೇಳುವ ಮನುಷ್ಯ. ಮುಗಿಸಿದ. ಕರೆದ ದೇವರುಗಳನ್ನೆಲ್ಲ ಒಬ್ಬೊಬ್ಬರಾಗಿ ಅವರವರ ಊರಿಗೆ ಕಳಿಸುತ್ತ ತುಂಬು ಮಂಗಳ ಹಾಡಿದ. ನಡುವೆ ಮೆಣಸಿನ ಘಾಟು ನನ್ನ ಮೂಗಿಗೆ ಏರಿತು. ಎರಡನೆಯ ಬದಿಯಲ್ಲಿ, ಮರಗವ್ವನನ್ನು ಕಳಿಸುವಾಗ ಕೇಳುವ ಆ ಸೀನು ನನ್ನದು. ನನ್ನ ಸ್ವಂತದ ದನಿ ಪ್ಲೇಟಿನ ಮೇಲೆ ಬಂದದ್ದು ಅಷ್ಟೇ, ಮತ್ತು ಅಷ್ಟೇ ಸಾಕು ಎನ್ನುವವರು ನಮ್ಮ ಮನೆಯಲ್ಲಿ ಬಹಳ ಮಂದಿ.

ಡೊಳ್ಳು ನಿಂತ ಮೇಲೆ ಕಾಕಾ ಅಳುವ ದನಿಯಲ್ಲಿ ಕೇಳಿದ: "ಅಜ್ಜಾರ, ಕತಿ ಎಲ್ಲೈತ್ರಿ?"

"ನೀವ ಮುಗಸ್ರಿ ಅಂದ್ರಿ."

"ಅಳಿಸಿ ಇನ್ನೊಮ್ಮೆ ಹಿಡೀತೇನ್ರಿ. ಬರೇ ಕತಿ ಹಾಡ್ರಿ."

"ಮಂಗಳ ಆದ ಮ್ಯಾಲ ಇವತ್ತ ಮತ್ತ ಹಾಡಾಂಗಿಲ್ಲ. ದೇವರನ್ನ ಕರದು, ಮನೀಗೆ ಕಳಿಸಿ, ಬೆನ್ನಹಿಂದ 'ಮತ್ತ ಬರ್ರಿ' ಅಂದ್ರ, ಅವರೇನ ನಿಮ್ಮ ಅಂಗಡಿ ಆಳೇನ್ರಿ?"

ಮರುದಿನ ಬೇರೆ ಊರಿನ ಹೊಲಕ್ಕೆ ಕುರಿ ಬಿಡುವ ಮಾತಾಗಿತ್ತು, ಅಜ್ಜ ಹೊರಟುಹೋದ. ಅಲ್ಲಿಂದ ಆ ಹಿಂಡು ಯಾವ ದಿಕ್ಕು ಹಿಡಿಯಿತೋ ತಿಳಿಯಲಿಲ್ಲ. ಟೇಪು ಮುಂಬಯಿಗೆ ಹೋಗಿ, ಅಲ್ಲಿಂದ ದೂರದ ಕಾರ್ಖಾನೆಗೆ ಹೋಗಿ, ಪ್ಲೇಟಾಗಿ ತಿರುಗಿ ಬರಲು ತಿಂಗಳುಗಳು ಬೇಕು. ಪಾಡ್ಯ ಕಾಯುವುದಿಲ್ಲ. "ಇದ್ದದ್ದನ್ನ ಕಳಸೂಣು," ಎಂದ ಕಾಕಾ.

"ತಲಿ ಬಂದೈತಿ, ಬಾಲ ಬಂದೈತಿ," ಎಂದೆ ನಾನು. "ಕುರಿ ಹೊಟ್ಟಿ ಅಷ್ಟ ಹಿಂದ ಬರತೈತಿ ಅಂತ ಬರದು ಕಳಸು."

ಶ್ರಾವಣದಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಪ್ಲೇಟುಗಳು ಬಂದವು. ಮಾರುವ ಕೆಲಸ ನನ್ನದು. ಕಾಕಾನ ಗ್ರಾಮೊಫೋನು ಹೊತ್ತು ತಿರುಗಿದರೆ ನನ್ನ ಹೆಗಲು ಉಳಿಯುತ್ತಿರಲಿಲ್ಲ. ಆದ್ದರಿಂದ ನಾನೇ ಪ್ಲೇಟಾದೆ. ಜಯಸಿಂಗಪುರದ ಪೇಟೆಯಲ್ಲಿ, ಹುಪರಿಯ ಬೆಳ್ಳಿ ಕೆಲಸದವರ ಪಡಸಾಲೆಗಳಲ್ಲಿ, ಹೊಟೇಲುಗಳ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಮೊದಲು ಸೂಜಿಯ ಕರಕರ, ಆಮೇಲೆ ಡೊಳ್ಳು, ಆಮೇಲೆ ಅಜ್ಜ, ಕೊನೆಗೆ ಕೀಲಿ ಇಳಿದ ಯಂತ್ರ ಮೆಲ್ಲಗೆ ಸಾಯುವ ದನಿ, ಎಲ್ಲ ಬಾಯಲ್ಲೇ. ಜನ ನಕ್ಕು ಚಹಾ ಕುಡಿಸಿದರು. ಪ್ಲೇಟು ಕೊಳ್ಳಲಿಲ್ಲ. ಹುಪರಿಯಲ್ಲಿ ಕಾಲ್ಗೆಜ್ಜೆ ಬೆಸೆಯುತ್ತಿದ್ದ ಒಬ್ಬ ಯಜಮಾನ ಊದುಗೊಳವೆ ಕೆಳಗಿಟ್ಟು ಕೇಳಿದ: "ಎಲಿ ಹಾಕಿದ್ರಿ, ನೀರ ಕೊಟ್ರಿ, ಎಲಿ ತಗದ್ರಿ. ಊಟ ಎಲ್ರೀ?"

ನಾನು ಆ ಮಾತನ್ನು ಅವನ ದನಿಯಲ್ಲೇ ಕಾಕಾನಿಗೆ ಒಪ್ಪಿಸಿದೆ. ಕಾಕಾ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಅವನು ಗೋಡೆಗೆ ಬೆನ್ನು ಹಚ್ಚಿ, ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಏನು ಮಾಡುತ್ತಿದ್ದೀ ಎಂದು ಕೇಳಿದರೆ, "ಗಾದಿ ಮ್ಯಾಲ ಕೂಡೂದು ರೂಢಿ ಮಾಡಾಕತ್ತೇನಿ," ಎಂದ. ನಾನು ಎದ್ದು ಹೊರಗೆ ಹೋದೆ.

ದಾರಿ ತೆರೆದದ್ದು ಗಡಹಿಂಗ್ಲಜದ ಮೈಕಿನವನಿಂದ. ಲಗ್ನ, ಗಣಪತಿ, ದಸರೆಗಳಲ್ಲಿ ಮೈಕು ಹಚ್ಚಿದ ಕೂಡಲೇ ಅವನು ಸಿನೆಮಾದ ಪ್ರೇಮಗೀತೆ ಬಿಡುತ್ತಿದ್ದ. ಹಿರಿಯರು ದೇವರ ಹೆಸರಿಲ್ಲದೆ ಕಾರ್ಯ ಸುರುವಾಯಿತೆಂದು ಬೈಯುತ್ತಿದ್ದರು. ಈಗ ಅವನು ಮೊದಲಿಗೆ ನಮ್ಮ ಪ್ಲೇಟಿನ ಒಂದನೆಯ ಬದಿ, ನಡುವೆ ಬೇಕಾದಷ್ಟು ಪ್ರೇಮ, ಕೊನೆಗೆ ಎರಡನೆಯ ಬದಿ ಹಚ್ಚತೊಡಗಿದ. ಹಿರಿಯರೂ ಖುಷಿ, ಹುಡುಗರೂ ಖುಷಿ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು ನಡೆಯಿತು. ಅಜ್ಜ ಹೆಸರು ಹಿಡಿದು ಕರೆದ ಊರುಗಳಲ್ಲಿ ಪ್ಲೇಟು ಹಚ್ಚಿದಾಗ ಜನ ಕೆಲಸ ಬಿಟ್ಟು ನಿಂತು ಕಾಯುತ್ತಿದ್ದರು. ತಮ್ಮೂರ ದೇವಿಯ ಹೆಸರು ಬಂದ ಕೂಡಲೇ ಹೆಂಗಸರು ಸೆರಗು ತಲೆಗೆ ಎಳೆದುಕೊಂಡು ಕೈ ಮುಗಿಯುತ್ತಿದ್ದರು, ಹುಡುಗರು ಹೋ ಎನ್ನುತ್ತಿದ್ದರು. ಲೌಡ್‌ಸ್ಪೀಕರಿನ ಅಷ್ಟು ದೊಡ್ಡ ಕಹಳೆಯಲ್ಲಿ ಅವರ ಊರಿನ ಹೆಸರು ಅದುವರೆಗೆ ಯಾರೂ ಕೂಗಿರಲಿಲ್ಲ.

ಹೆಸರು ಬಾರದ ಊರುಗಳವರು ಸಿಟ್ಟಾದರು. ಒಂದು ಊರಿನ ಹಿರಿಯರು ಕೊಲ್ಹಾಪುರದವರೆಗೆ ಬಂದು, "ನಮ್ಮ ಲಕ್ಕವ್ವ ಏನ್ ಪಾಪ ಮಾಡ್ಯಾಳ್ರಿ? ಆಜೂಬಾಜೂ ಎಲ್ಲಾರ್ನೂ ಕರದೀರಿ, ಆಕಿನ್ನ ಬಿಟ್ಟೀರಿ," ಎಂದು ಜಗಳಾಡಿದರು. ಕಾಕಾ ಹೆದರಿ ಕೈ ಮುಗಿದ. ನಾನು ಅಜ್ಜನ ದನಿಯಲ್ಲಿ ಅಲ್ಲೇ ಲಕ್ಕವ್ವನನ್ನು ಕರೆದೆ. ಅವರು ಸಮಾಧಾನಗೊಂಡು, ಮುಂದಿನ ಪ್ಲೇಟಿನಲ್ಲಿ ಮೊದಲು ಆಕೆಯೇ ಇರಬೇಕೆಂದು ಹೇಳಿ, ಇದ್ದ ಪ್ಲೇಟುಗಳನ್ನೂ ಕೊಂಡು ಹೋದರು. ಹಳ್ಳಿಗಳ ಮೈಕಿನವರೆಲ್ಲ ಕುರಿ ಛಾಪು ಕೇಳತೊಡಗಿದರು. ಪೆಟ್ಟಿಗೆಗಳು ಖಾಲಿಯಾದವು, ಮತ್ತೆ ತರಿಸಿದೆವು.

ಆದರೆ ಅಪ್ಪನ ಕಿವಿ ಕೊಲ್ಹಾಪುರದಲ್ಲಿತ್ತು. ಮನೆ, ಅಂಗಡಿ, ಗುಡಿ, ಇಷ್ಟೇ ಅವನ ದಾರಿ. ಆ ದಾರಿಯ ಹೊಟೇಲುಗಳಲ್ಲಿ ಹಚ್ಚುವುದು ಮುಂಬಯಿಯದೇ. ಹಳ್ಳಿಗಳಲ್ಲಿ ಎಷ್ಟು ನಡೆಯುತ್ತಿದೆ ಎಂದು ಕಾಕಾ ಹೇಳಲು ಹೋದ. "ನನ್ನ ಕಿವಿಗೆ ಬಿದ್ದಿಲ್ಲ," ಎಂದ ಅಪ್ಪ. ಮನೆಯಲ್ಲಿ ಪ್ಲೇಟು ಹಚ್ಚಲೂ ಬಿಡಲಿಲ್ಲ. ಮಾತು ಎಂದರೆ ಮಾತು. ಊಟಕ್ಕೆ ಕುಳಿತಾಗ ನಾನೇ ಅಜ್ಜನಾಗಿ ಒಲೆಯ ಲಕ್ಕವ್ವ, ಹಿತ್ತಲ ಹನುಮಪ್ಪ ಎಂದು ಕರೆದು ಅವ್ವನನ್ನು ನಗಿಸುತ್ತಿದ್ದೆ. ಅಪ್ಪ ತಾಟು ನೋಡುತ್ತ, "ಇವನ ಬಾಯಿಗೆ ಬೀಗ ಹಾಕ್ರಿ," ಎನ್ನುತ್ತಿದ್ದ. ಹೀಗೆ ಆ ಹಾಡು ಅಪ್ಪನಿಗೆ ತಿಳಿದಿದ್ದದ್ದು ನನ್ನ ಬಾಯಿಂದಲೇ.

ಪಾಡ್ಯ ಬಂದೇಬಿಟ್ಟಿತು. ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ಬಿಳಿ ಧೋತರ ಉಟ್ಟು, ಯಾರೂ ಹೇಳದೆಯೇ ಅಪ್ಪನ ಹಿಂದೆ ಪೇಟೆಗೆ ಹೊರಟ, ಅವನ ಹಿಂದೆ ನಾನು. ಗಾದಿಯ ಮೇಲೆ ಹೊಸ ಹಾಸಿಗೆ ಹಾಸಿತ್ತು. ಅಂಗಳದಲ್ಲಿ ಪೆಂಟಿ ಎನ್ನುವ ಹೊಸ ಬೆಲ್ಲದ ಅಚ್ಚುಗಳ ರಾಶಿ, ಚೆಂಡುಹೂವಿನ ತೋರಣ, ರೈತರ ಗಾಡಿಗಳು. ಅಡತಿಯವರೆಲ್ಲ ಸೇರಿ ಜಯಸಿಂಗಪುರದ ಕಡೆಯ ಒಬ್ಬ ಮೈಕಿನವನನ್ನು ಗೊತ್ತು ಮಾಡಿದ್ದರು. ಅವನಿಗೆ ನಾವು ಯಾರೋ, ನಮಗೆ ಅವನು ಯಾರೋ. ಪೂಜೆಗೆ ಅಪ್ಪ ಟೋಪಿ ಸರಿ ಮಾಡಿಕೊಂಡು ನಿಂತ. ಕಹಳೆ ಒಮ್ಮೆ ಕರಕರ ಎಂದಿತು. ಡೊಳ್ಳು ಬಿತ್ತು. ಅಜ್ಜ ಗಣಪನನ್ನು ಕರೆದ.

ಅಪ್ಪ ಕೈ ಮುಗಿದ. ಮುಗಿದ ಕೈ ಹಾಗೆಯೇ ಇದ್ದು, ಕಣ್ಣು ಮಾತ್ರ ತೆರೆಯಿತು. ಆಮೇಲೆ ಹುಬ್ಬು ಗಂಟಾಯಿತು.

"ಹಲ್ಕಟ್! ದೇವರ ಕಾರ್ಯದಾಗೂ ನಕಲಿ ಮಾಡಾಕ ನಿಂತಾನ!"

ನಾನೇ ಮೈಕಿನ ಮುಂದೆ ಕುಳಿತು ಅಜ್ಜನ ವೇಷದಲ್ಲಿ ಕೂಗುತ್ತಿದ್ದೇನೆಂದು ಅವನ ಖಾತ್ರಿ! ಕೈಯಲ್ಲಿ ಒಂದು ಚಪ್ಪಲಿ ಹಿಡಿದು, ಧೋತರದ ಚುಂಗು ಎತ್ತಿಕೊಂಡು, ಬೆಲ್ಲದ ರಾಶಿ ಬಳಸಿ ಮೈಕಿನ ಮಂಟಪಕ್ಕೆ ನುಗ್ಗಿದ. ಹಿಂದೆ ಕಾಕಾ ಓಡಿದ. ಕಾಕಾನ ಹಿಂದೆ ನಾನೂ ಓಡಿದೆ, ಬಾಯಲ್ಲಿ ಬಿಟ್ಟಿ ಸಿಕ್ಕ ಹೊಸ ಬೆಲ್ಲದ ತುಣುಕು.

ಮಂಟಪದಲ್ಲಿ ನಾನಿರಲಿಲ್ಲ. ಒಂದು ಪ್ಲೇಟು ತಿರುಗುತ್ತಿತ್ತು, ಅದರ ಜೊತೆಗೆ ಒಂದು ಕುರಿ. ಅಪ್ಪ ಬಗ್ಗಿ ಪ್ಲೇಟಿನ ಕೆಳಗೆ ನೋಡಿದ, ಮೇಜಿನ ಕೆಳಗೆ ನೋಡಿದ, ಪರದೆ ಎತ್ತಿ ನೋಡಿದ. ತಿರುಗಿದರೆ ನಾನು ಹಿಂದೆಯೇ ನಿಂತಿದ್ದೆ, ತುಂಬಿದ ಬಾಯಿ, ಒಂದು ಅಕ್ಷರ ಹೊರಡುವಂತಿರಲಿಲ್ಲ. ಅಜ್ಜ ಮಾತ್ರ ಕಹಳೆಯಲ್ಲಿ ಊರು ಊರು ಕರೆಯುತ್ತಲೇ ಇದ್ದ.

ಅಪ್ಪ ಮೈಕಿನವನನ್ನು ಕೇಳಿದ: "ಹೇ ಕುಣಾಚಂ? ಯಾರದು ಈ ಪ್ಲೇಟು?"

"ಮೆಂಢೀ ಛಾಪ ಹಾಯ್ ಮಾಲಕ," ಎಂದ ಅವನು, ಚಪ್ಪಲಿಯ ಮೇಲೆ ಕಣ್ಣಿಟ್ಟು. "ಕುರಿ ಛಾಪಿನದು. ಇದಿಲ್ಲದೆ ನಮ್ಮ ಕಡೆ ಯಾವ ಕಾರ್ಯಾನೂ ಸುರು ಆಗಾಂಗಿಲ್ರಿ."

ಹೊರಗೆ ಗಾಡಿಗಳ ಬಳಿ ಒಂದು ಗುಂಪು ರೈತರು ಹೋ ಎಂದರು. ಅವರ ಊರು ಬಂದಿತ್ತು. ಅಪ್ಪ ಚಪ್ಪಲಿ ಕೆಳಗಿಟ್ಟು ಅದರೊಳಗೆ ಕಾಲು ಹಾಕಿದ. ಪೂಜೆ ನಡೆಯಿತು, ಸವಾಲು ನಡೆಯಿತು, ಕೊನೆಗೆ ಮಂಗಳದ ಬದಿಯೂ ಮೊಳಗಿತು. ಅಷ್ಟು ಹೊತ್ತೂ ಕಾಕಾ ಗಾದಿಯ ಅಂಚಿನಲ್ಲಿ, ಕೂತೂ ಕೂಡದವನಂತೆ ಕುಳಿತಿದ್ದ. ಜನ ಕರಗಿದ ಮೇಲೆ ಅಪ್ಪ ಅವನ ಮುಂದೆ ಬಂದು ನಿಂತ.

"ದೇವರನ್ನ ಕರದ್ರಿ. ಕಳಿಸಿದ್ರಿ. ನಡುವ ಬೀರಪ್ಪಗ ಏನಾತು?"

"ಅದನ್ನ ಇನ್ನ ಹಿಡೀಬೇಕಣ್ಣಾ."

"ಹಿಡೀಬೇಕಂದ್ರ ಇಲ್ಲ್ಯಾಕ ಕುಂತಿ? ಏಳು. ಆ ಅಜ್ಜ ಯಾವ ಹೊಲದಾಗ ಕುರಿ ಕೂಡಿಸ್ಯಾನ ನೋಡು, ಹೋಗು."

ಕಾಕಾ ಎದ್ದವನು ಅಪ್ಪನ ಕಾಲು ಹಿಡಿದನೋ, ಧೋತರ ತೊಡರಿ ಬಿದ್ದನೋ, ನನಗೆ ಸರಿಯಾಗಿ ಕಾಣಲಿಲ್ಲ. ಅಪ್ಪ ರಾಶಿಯಿಂದ ಒಂದು ಒಳ್ಳೆಯ ಪೆಂಟಿ ಆರಿಸಿ ಅವನ ಕಂಕುಳಿಗೆ ಕೊಟ್ಟ. "ಅಜ್ಜಗ ಕೊಡು. ಕತಿ ಸಣ್ಣದ ಮಾಡಬ್ಯಾಡ ಅಂತ ನಾ ಹೇಳೇನಿ ಅನ್ನು."

ಆ ಪೆಂಟಿ ಹೊತ್ತುಕೊಂಡು ಕಾಕಾ ಹಳ್ಳಿ ಹಳ್ಳಿ ತಿರುಗಿ ಅಜ್ಜನನ್ನು ಹುಡುಕಿದ. ಅಜ್ಜ ಬೆಲ್ಲ ಇಸಿದುಕೊಂಡು, ಹೇಳಿದ ಮಾತು ಕೇಳಿದ, ಸಣ್ಣದು ಮಾಡಲಿಲ್ಲ. ಬದಿಯ ಮೇಲೆ ಬದಿ ತುಂಬಿದರೂ ಬೀರಪ್ಪ ಇನ್ನೂ ತೊಟ್ಟಿಲಲ್ಲೇ ಇದ್ದ. ಬಿಟ್ಟುಹೋದ ಊರುಗಳ ದೇವರಿಗೆ ಬೇರೆ ಪ್ಲೇಟುಗಳಾದವು. ಮರಾಠಿಯ ಓವಿ ಹಾಡುಗಳೂ ಬಂದವು. ಈಗ ಹೊಸ ಸಣ್ಣ ಪ್ಲೇಟುಗಳ ಕಾಲ, ಗಡಹಿಂಗ್ಲಜದಲ್ಲಿ ಕುರಿ ಛಾಪಿಗೆ ಮೆಣಸಿನಕಾಯಿ ಇಲ್ಲದ ಸ್ವಂತ ಕೋಣೆ ಇದೆ. ಖಾಲಿಯಾದ ಗಾದಿಯ ಮೇಲೆ ಯಾರನ್ನು ಕೂಡಿಸಿದರೆಂದು ನೀವು ಊಹಿಸಿರಬಹುದು. ಬೆಳಗಿನ ಸವಾಲು ಮುಗಿಯುವವರೆಗೆ ನಾನು ಅಲ್ಲೇ. ಸವಾಲಿಲ್ಲದ ದಿನ ಬಸ್ಸು ಹತ್ತಿ ಕಾಕಾನ ಕೋಣೆಗೆ.

ಹೊಸ ಪ್ಲೇಟಿನ ಪೆಟ್ಟಿಗೆ ಬಂದ ದಿನ ಅಪ್ಪ ಅಂಗಡಿ ಬೇಗ ಮುಚ್ಚುತ್ತಾನೆ. ಅವನು ಕೇಳಿ ಮುಗಿಸುವವರೆಗೆ ಯಾರೂ ಮಾತಾಡುವಂತಿಲ್ಲ. ಮುಗಿದ ಕೂಡಲೇ ಕಾಕಾನ ಕಡೆ ತಿರುಗಿ, ಪ್ರತಿ ಸಲವೂ ಅದೇ ಸಿಟ್ಟಿನಲ್ಲಿ ಕೇಳುತ್ತಾನೆ:

"ಇಷ್ಟ ಏನು? ಮುಂದ?"